ಘಟ್ಟದಿಂದ ಕಡಲಿಗೆ: ಮಂಗಳೂರು, ಉಡುಪಿಯ ಉದ್ಯಾನಗಳನ್ನೂ ತೀರಗಳನ್ನೂ ನಾವು ಹೇಗೆ ನೋಡಬೇಕು?

ಚರ್ಚೆಯ ಆರಂಭ: ನಿವೃತ್ತ ಭೂಗೋಳ ಶಿಕ್ಷಕ, ಚಿಕ್ಕಮಗಳೂರು

ನಮ್ಮ ಬಡಾವಣೆಯ ಆರು ಕುಟುಂಬಗಳು ದಸರಾ ರಜೆಯಲ್ಲಿ ಎರಡು ದಿನ ಕರಾವಳಿಗೆ ಹೋಗಿಬರಲು ನಿಶ್ಚಯಿಸಿವೆ. ಏರ್ಪಾಡಿನ ಹೊಣೆ ನನ್ನ ಮೇಲೆ ಬಿದ್ದಿದೆ. ಗುಂಪಿನಲ್ಲಿ ಆರು ವರ್ಷದ ಮಗುವೂ ಇದೆ, ಎಪ್ಪತ್ತೆಂಟು ವರ್ಷದ ಅಜ್ಜಿಯೂ ಇದ್ದಾರೆ. ಹಿಂದೆ ನಾವು ಹೋಗುತ್ತಿದ್ದ ಬಗೆಯನ್ನು ನೆನೆದರೆ ನನಗೆ ಸಮಾಧಾನವಾಗುವುದಿಲ್ಲ. ನಸುಕಿನ ಮೂರು ಗಂಟೆಗೆ ಹೊರಟು, ನಿದ್ದೆಗಣ್ಣಿನಲ್ಲೇ ಚಾರ್ಮಾಡಿ ಘಟ್ಟ ಇಳಿದು, ನೇರವಾಗಿ ಪಣಂಬೂರಿನ ಅಲೆಗಳಿಗೆ ಧುಮುಕಿ, ಒದ್ದೆ ಬಟ್ಟೆಯಲ್ಲೇ ಊಟ ಮುಗಿಸಿ, ರಾತ್ರಿ ಹನ್ನೊಂದಕ್ಕೆ ಮನೆ ಸೇರುತ್ತಿದ್ದೆವು. ಕಡಲು ಹೇಗಿತ್ತು ಎಂದು ಮಕ್ಕಳನ್ನು ಕೇಳಿದರೆ ಉಪ್ಪಾಗಿತ್ತು ಎಂಬುದಕ್ಕಿಂತ ಹೆಚ್ಚಿನ ಉತ್ತರ ಬರುತ್ತಿರಲಿಲ್ಲ.

ಚಿಕ್ಕಮಗಳೂರಿನಿಂದ ಮಂಗಳೂರಿಗೆ ಸುಮಾರು 150 ಕಿ.ಮೀ. ಈ ದಾರಿಯೇ ಒಂದು ಪಾಠವೆಂದು ನನಗೆ ಯಾವಾಗಲೂ ಅನ್ನಿಸಿದೆ. ತುಂಗಾ, ಭದ್ರಾ, ನೇತ್ರಾವತಿ ಈ ಮೂರೂ ನದಿಗಳ ಮೂಲವೆಂದು ನಮ್ಮ ಹಿರಿಯರು ಹೇಳುತ್ತ ಬಂದ ಗಂಗಾಮೂಲ ಇರುವುದು ನಮ್ಮದೇ ಜಿಲ್ಲೆಯಲ್ಲಿ, ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಳಗೆ. ತುಂಗೆ ಮತ್ತು ಭದ್ರೆ ಪೂರ್ವದ ಕಡೆಗೆ ಹರಿದು, ಒಂದಾಗಿ, ಕೃಷ್ಣೆಯ ಮೂಲಕ ಬಂಗಾಳ ಕೊಲ್ಲಿಯನ್ನು ಸೇರಿದರೆ, ನೇತ್ರಾವತಿಯೊಂದು ಪಶ್ಚಿಮಕ್ಕೆ ತಿರುಗಿ ಮಂಗಳೂರಿನ ಅಳಿವೆಯಲ್ಲಿ ಅರಬ್ಬೀ ಸಮುದ್ರಕ್ಕೆ ಇಳಿಯುತ್ತದೆ. ಮೂಡಿಗೆರೆ ತಾಲ್ಲೂಕಿನ ಜಾವಳಿಯಲ್ಲಿ ಹುಟ್ಟುವ ಹೇಮಾವತಿಯೂ ಪೂರ್ವಕ್ಕೇ ಹೋಗುವ ನದಿ. ಆದರೆ ಅಲ್ಲಿಂದ ಹೆಚ್ಚು ದೂರವಿಲ್ಲದ ಚಾರ್ಮಾಡಿಯ ಇಳಿಜಾರಿನ ಮಳೆ ಮೃತ್ಯುಂಜಯ ಹೊಳೆಯಾಗಿ ನೇತ್ರಾವತಿಗೆ ಸೇರಿ ಕಡಲಿಗೆ ಹೋಗುತ್ತದೆ. ಒಂದೇ ಮೋಡದ ನೀರು ಎರಡು ಸಮುದ್ರಗಳಿಗೆ ಹಂಚಿಹೋಗುವ ಆ ನೆತ್ತಿಯನ್ನು ನಾವು ಕಾರಿನ ಕಿಟಕಿ ಮುಚ್ಚಿಕೊಂಡು ದಾಟಿಬಿಡುತ್ತೇವೆ.

ಆದ್ದರಿಂದ ನನ್ನ ಯೋಚನೆ ಹೀಗಿದೆ. ಬೆಳಕಿನಲ್ಲಿ ಘಟ್ಟ ಇಳಿಯುವುದು. ಧರ್ಮಸ್ಥಳದ ಸ್ನಾನಘಟ್ಟದಲ್ಲಿ ನೇತ್ರಾವತಿಯನ್ನು ನೋಡುವುದು. ಬಂಟ್ವಾಳದಲ್ಲಿ ಅದು ಎಷ್ಟು ಅಗಲವಾಗಿದೆಯೆಂದು ಮಕ್ಕಳಿಗೆ ತೋರಿಸುವುದು. ಅನಂತರ ಮಂಗಳೂರಿನ ಒಂದು ದೊಡ್ಡ ಉದ್ಯಾನದಲ್ಲಿ ಅರ್ಧ ದಿನ ಕಳೆದು, ಕಡಲನ್ನು ಸಂಜೆಗೆ ಇರಿಸಿಕೊಳ್ಳುವುದು. ಎರಡನೆಯ ದಿನ ಉಡುಪಿಯ ಕಡೆಗೆ. ಕಡಲಿಗೆ ಹೋಗಿ ಕಡಲನ್ನು ಕೊನೆಗೆ ನೋಡುವುದೇ ಎಂದು ಮನೆಯಲ್ಲಿ ಆಕ್ಷೇಪಣೆ ಬಂದಿದೆ. ಅನುಭವಸ್ಥರು ತಮ್ಮ ಅಭಿಪ್ರಾಯವನ್ನು ತಿಳಿಸಬೇಕಾಗಿ ವಿನಂತಿ.

ಬ್ಯಾಂಕ್ ಉದ್ಯೋಗಿ, ಹಾಸನ

ತಮ್ಮ ಯೋಜನೆ ನನಗೆ ಬಹಳ ಹಿಡಿಸಿತು. ಮೂರು ವರ್ಷ ಮಂಗಳೂರಿನಲ್ಲಿ ಕೆಲಸ ಮಾಡಿದವನಾದ್ದರಿಂದ ಅರ್ಧ ದಿನದ ಉದ್ಯಾನ ಯಾವುದೆಂದು ಹೇಳಬಲ್ಲೆ: ವಾಮಂಜೂರಿನ ಬಳಿಯ ಪಿಲಿಕುಳ ನಿಸರ್ಗಧಾಮ. ತುಳುವಿನಲ್ಲಿ ಪಿಲಿ ಎಂದರೆ ಹುಲಿ, ಕುಳ ಎಂದರೆ ಕೊಳ. ಹುಲಿಗಳು ನೀರು ಕುಡಿಯಲು ಬರುತ್ತಿದ್ದ ಕೊಳವೆಂಬ ಅರ್ಥದಲ್ಲಿ ಆ ಹೆಸರು ಬಂದಿದೆಯೆಂದು ಅಲ್ಲಿಯವರು ಹೇಳುತ್ತಾರೆ. ಕೆರೆ ಈಗಲೂ ಇದೆ, ದೋಣಿವಿಹಾರವೂ ಇದೆ. ಶಿವರಾಮ ಕಾರಂತರ ಹೆಸರನ್ನು ಹೊತ್ತ ಈ ನಿಸರ್ಗಧಾಮದ ಆವರಣದಲ್ಲಿ ಮೃಗಾಲಯ, ಪಶ್ಚಿಮ ಘಟ್ಟದ ಮರಗಳನ್ನು ಬೆಳೆಸಿರುವ ಸಸ್ಯಕಾಶಿ, ಔಷಧಿವನ, ಪ್ರಾದೇಶಿಕ ವಿಜ್ಞಾನ ಕೇಂದ್ರ, ಕುಶಲಕರ್ಮಿಗಳ ಗ್ರಾಮ, ತುಳುನಾಡಿನ ಗುತ್ತಿನ ಮನೆಯ (ಹಳೆಯ ಜಮೀನ್ದಾರಿ ಮನೆತನದ ದೊಡ್ಡ ಮನೆಯ) ಮಾದರಿ ಇವೆಲ್ಲ ಇವೆ. 2018ರಲ್ಲಿ ಆರಂಭವಾದ ಸ್ವಾಮಿ ವಿವೇಕಾನಂದ ತಾರಾಲಯವೂ ಅಲ್ಲಿಯೇ ಇದೆ.

ಎಲ್ಲವನ್ನೂ ಒಂದೇ ದಿನ ನೋಡಲು ಹೊರಟರೆ ಮಕ್ಕಳು ಸೋತುಹೋಗುತ್ತಾರೆ. ನನ್ನನ್ನು ಕೇಳಿದರೆ ಮೃಗಾಲಯ ಮತ್ತು ಕುಶಲಕರ್ಮಿಗಳ ಗ್ರಾಮ ಈ ಎರಡನ್ನು ಮಾತ್ರ ಇಟ್ಟುಕೊಳ್ಳಿ. ಮೃಗಾಲಯದಲ್ಲಿ ಕಾಳಿಂಗ ಸರ್ಪಗಳ ಸಂತಾನಾಭಿವೃದ್ಧಿಗೆ ವಿಶೇಷ ಗಮನ ಕೊಟ್ಟಿದ್ದಾರೆ. ನಮ್ಮ ಕಾಫಿ ತೋಟಗಳಲ್ಲಿ ಕಾಳಿಂಗ ಕಂಡರೆ ಊರೆಲ್ಲ ಸೇರಿ ಗಾಬರಿಪಡುತ್ತೇವೆ. ಅದು ಮುಖ್ಯವಾಗಿ ಇತರ ಹಾವುಗಳನ್ನೇ ತಿಂದು ಬದುಕುತ್ತದೆಂಬುದನ್ನೂ, ಹೆಣ್ಣು ಕಾಳಿಂಗ ತರಗೆಲೆಗಳನ್ನು ಮೈಯಿಂದಲೇ ಗುಡ್ಡೆಹಾಕಿ ಗೂಡು ಕಟ್ಟಿ ಮೊಟ್ಟೆಗಳನ್ನು ಕಾಯುತ್ತದೆಂಬುದನ್ನೂ ಅದೇ ಹಾವಿನ ಎದುರು ನಿಂತು ತಿಳಿದ ಮಗುವಿಗೆ, ಮುಂದೆ ತೋಟದಲ್ಲಿ ಕಾಳಿಂಗ ಎದುರಾದಾಗ ದೊಣ್ಣೆ ಹುಡುಕುವ ಮನಸ್ಸು ಬರಲಾರದೆಂದು ನಾನು ನಂಬಿದ್ದೇನೆ. ನನ್ನ ಮಗಳ ವಿಷಯದಲ್ಲಿ ಹಾಗೆಯೇ ಆಯಿತು.

ಒಂದು ಎಚ್ಚರಿಕೆ: ಸೋಮವಾರ ಮೃಗಾಲಯಕ್ಕೆ ರಜೆ. ಅಷ್ಟು ದೂರ ಬಂದ ಎರಡು ಬಸ್ಸಿನ ಮಕ್ಕಳು ಬಾಗಿಲಲ್ಲೇ ಹಿಂದಿರುಗಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಗೃಹಿಣಿ, ಮೂಡಿಗೆರೆ (ತವರು ಮಲ್ಪೆ)

ನಾನು ಕಡಲ ಮಗ್ಗುಲಲ್ಲಿ ಹುಟ್ಟಿ ಘಟ್ಟಕ್ಕೆ ಮದುವೆಯಾಗಿ ಬಂದವಳು. ಇಪ್ಪತ್ತೆರಡು ವರ್ಷಗಳಿಂದ ಎರಡೂ ಕಡೆಯ ಮಾತನ್ನು ಕೇಳುತ್ತಿದ್ದೇನೆ. ಶಿಕ್ಷಕರು ಕಡಲನ್ನು ಸಂಜೆಗೆ ಇರಿಸಿದ್ದು ಸರಿಯಾಗಿದೆ, ಏಕೆಂದರೆ ಅಕ್ಟೋಬರಿನಲ್ಲೂ ಹನ್ನೊಂದು ಗಂಟೆಯ ಮೇಲೆ ಮರಳು ಕಾಲು ಸುಡುತ್ತದೆ ಮತ್ತು ನಮ್ಮ ಘಟ್ಟದ ಮಕ್ಕಳಿಗೆ ಆ ಸೆಕೆಯ ಅಭ್ಯಾಸವಿಲ್ಲ. ಆದರೆ ಮೊದಲಿಗೆ ಒಂದು ಮಾತನ್ನು ಹೇಳಲೇಬೇಕು. ಮಲ್ಪೆಯಾಗಲಿ ಬೆಂಗ್ರೆಯಾಗಲಿ ಬರಿಯ ಪ್ರವಾಸಿ ತಾಣಗಳಲ್ಲ. ಅವು ಮೀನುಗಾರರ ಅಂಗಳಗಳು. ಬಲೆ ಹರಡಿದ್ದರೆ ತುಳಿದು ದಾಟಬಾರದು, ಒಣಹಾಕಿದ ಮೀನಿನ ಪಕ್ಕ ನಿಂತು ಮೂಗು ಮುಚ್ಚಿಕೊಳ್ಳಬಾರದು. ತೋಟದ ಕಣದಲ್ಲಿ ಒಣಗಲು ಹರವಿದ ಕಾಫಿಯನ್ನು ಹೊರಗಿನವರು ತುಳಿದರೆ ನಮಗೆ ಏನನ್ನಿಸುತ್ತದೆಯೋ ಅವರಿಗೂ ಅದೇ ಅನ್ನಿಸುತ್ತದೆ.

ಇನ್ನು ನೀರಿನ ವಿಷಯ. ಘಟ್ಟದವರಿಗೆ ಹೊಳೆ ಗೊತ್ತು, ಸುಳಿ ಗೊತ್ತು. ಕಡಲಿನ ಸೆಳೆತ ಗೊತ್ತಿಲ್ಲ. ದಡಕ್ಕೆ ಬಂದ ಅಲೆಗಳ ನೀರು ಹಿಂದೆ ಹೋಗಲೇಬೇಕಲ್ಲವೇ? ಅದು ಎಲ್ಲ ಕಡೆಯೂ ಸಮನಾಗಿ ಹಿಂದಿರುಗದೆ, ಮರಳಿನ ದಿಬ್ಬಗಳ ನಡುವಿನ ತಗ್ಗನ್ನು ಹಿಡಿದು ಕಾಲುವೆಯ ಹಾಗೆ ಒಳಕ್ಕೆ ಹರಿಯುತ್ತದೆ. ಅಂತಹ ಜಾಗದಲ್ಲಿ ಎರಡೂ ಬದಿಗೆ ಅಲೆ ಮುರಿಯುತ್ತಿದ್ದರೂ ನಡುವೆ ನೀರು ಶಾಂತವಾಗಿ, ಸ್ವಲ್ಪ ಕಪ್ಪಗೆ ಕಾಣುತ್ತದೆ. ಅಲೆ ಕಡಿಮೆಯಿದೆಯೆಂದು ಹೊಸಬರು ಮಕ್ಕಳನ್ನು ಕರೆದುಕೊಂಡು ಅಲ್ಲಿಗೇ ಇಳಿಯುತ್ತಾರೆ. ಸಿಕ್ಕಿಬಿದ್ದವರು ದಡದ ಕಡೆಗೆ ನೇರವಾಗಿ ಈಜಲು ಹೋಗಿ ದಣಿದು ಮುಳುಗುತ್ತಾರೆ. ಆ ಸೆಳೆತ ಅಗಲವಾಗಿರುವುದಿಲ್ಲ. ದಡಕ್ಕೆ ಸಮಾನಾಂತರವಾಗಿ ಸ್ವಲ್ಪ ದೂರ ಪಕ್ಕಕ್ಕೆ ಸರಿದರೆ ಅದರಿಂದ ಹೊರಗೆ ಬರಬಹುದು, ಆಮೇಲೆ ಅಲೆಗಳೇ ದಡದ ಕಡೆಗೆ ತಳ್ಳುತ್ತವೆ. ಈಜು ಬಾರದವರು ಮೊಣಕಾಲಿನ ಮೇಲೆ ನೀರು ಬರುವಲ್ಲಿಗೆ ಹೋಗಲೇಬಾರದು. ಅಳಿವೆಯ ಬಾಯಲ್ಲಂತೂ ಈಜು ಬಲ್ಲವರೂ ಇಳಿಯಬಾರದು, ಏಕೆಂದರೆ ಇಳಿತದ ವೇಳೆಯಲ್ಲಿ ಹೊಳೆಯ ನೀರೂ ಕಡಲ ನೀರೂ ಒಟ್ಟಾಗಿ ಹೊರಗೆ ಎಳೆಯುತ್ತವೆ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೇ ನಿಷೇಧವಿದೆ. ಅದು ಮುಖ್ಯವಾಗಿ ಮೀನಿನ ಸಂತತಿ ಉಳಿಯಲೆಂದು ಮಾಡಿದ ನಿಯಮ, ಆದರೂ ಆ ದಿನಗಳ ಕಡಲಿನ ಸ್ವಭಾವವನ್ನೂ ಅದು ಹೇಳುತ್ತದೆ. ನಮ್ಮವರು ನೂಲ ಹುಣ್ಣಿಮೆಯ ಸಮಯದಲ್ಲಿ ಸಮುದ್ರಪೂಜೆ ಮಾಡಿ, ಹಾಲು ಮತ್ತು ತೆಂಗಿನಕಾಯಿ ಅರ್ಪಿಸಿದ ಮೇಲೆಯೇ ಕಡಲಿಗೆ ಹೊರಡುತ್ತಾರೆ. ಹುಟ್ಟಿದಾಗಿನಿಂದ ಕಡಲನ್ನು ಕಂಡವರೇ ಅಷ್ಟು ವಿನಯದಿಂದಿರುವಾಗ, ವರ್ಷಕ್ಕೊಮ್ಮೆ ಬರುವವರು ಎಷ್ಟು ಎಚ್ಚರದಿಂದಿರಬೇಕು ಎಂಬುದನ್ನು ದಯವಿಟ್ಟು ಯೋಚಿಸಿ.

ಕಾಫಿ ಬೆಳೆಗಾರ, ಸಕಲೇಶಪುರ

ಮೂಡಿಗೆರೆಯ ಸಹೋದರಿ ಬರೆದದ್ದನ್ನು ಓದುವಾಗ ನನ್ನ ಕೈ ನಡುಗಿತು. ಕೆಲವು ವರ್ಷಗಳ ಹಿಂದೆ ಸೆಪ್ಟೆಂಬರಿನ ಒಂದು ಭಾನುವಾರ ನನ್ನ ಹದಿನಾಲ್ಕು ವರ್ಷದ ಮಗ ಅವರು ವರ್ಣಿಸಿದಂತಹ ಶಾಂತ ನೀರಿನಲ್ಲೇ ನಿಂತಿದ್ದ. ನಾನು ಹತ್ತು ಮಾರು ದೂರದಲ್ಲಿ ಪ್ಯಾಂಟು ಮಡಚಿಕೊಂಡು ಫೋಟೊ ತೆಗೆಯುತ್ತಿದ್ದೆ. ಎರಡು ಅಲೆಗಳ ನಡುವೆ ಅವನು ಇದ್ದಲ್ಲಿ ಇರಲಿಲ್ಲ. ಹೇಮಾವತಿಯಲ್ಲಿ ಚಿಕ್ಕಂದಿನಿಂದ ಈಜಿದವನು, ಆದರೆ ದಡದ ಕಡೆಗೇ ಕೈಬಡಿಯುತ್ತಿದ್ದ, ಬಡಿದಷ್ಟೂ ದೂರವಾಗುತ್ತಿದ್ದ. ತೀರದ ಜೀವರಕ್ಷಕರೊಬ್ಬರು ಸೀಟಿ ಊದುತ್ತಲೇ ನೀರಿಗೆ ಬಿದ್ದು ಅವನನ್ನು ಪಕ್ಕಕ್ಕೆ ಎಳೆದುಕೊಂಡು ಬಂದರು. ಅವರು ನಮಗೆ ಮೊದಲೇ ಎರಡು ಸಲ ಕೈಬೀಸಿ ಎಚ್ಚರಿಸಿದ್ದರು. ಅದನ್ನು ಅಧಿಕಪ್ರಸಂಗವೆಂದು ತಿಳಿದು ಮುಖ ತಿರುಗಿಸಿದವನು ನಾನೇ. ಆ ತಪ್ಪನ್ನು ನಾನು ಇಂದಿಗೂ ಮರೆತಿಲ್ಲ. ಜೀವರಕ್ಷಕರಿರುವ ತೀರಕ್ಕೆ ಮಾತ್ರ ಹೋಗಿ, ಅವರ ಸೀಟಿಗೆ ಮರ್ಯಾದೆ ಕೊಡಿ ಎಂದು ಎಲ್ಲರಲ್ಲಿಯೂ ಕೇಳಿಕೊಳ್ಳುತ್ತೇನೆ.

ಕಾಲದ ಬಗ್ಗೆ ಒಂದೆರಡು ಮಾತು. ದಸರಾ ರಜೆಯನ್ನು ಆರಿಸಿದ್ದು ಬೆಳೆಗಾರರ ದೃಷ್ಟಿಯಿಂದಲೂ ಒಳ್ಳೆಯದು. ನವೆಂಬರಿನಿಂದ ಅರೇಬಿಕಾ ಕೊಯ್ಲು, ಜನವರಿಯಿಂದ ರೋಬಸ್ಟಾ, ಮಾರ್ಚ್ ಬಂತೆಂದರೆ ಕಾಫಿ ಹೂ ಬಿಡಲು ಬೇಕಾದ ಹೂಮಳೆಯ ಚಿಂತೆ. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಮಕ್ಕಳಿಗೆ ರಜೆಯಿದ್ದರೂ ಕರಾವಳಿಯ ಸೆಕೆಯಲ್ಲಿ ಉದ್ಯಾನ ಸುತ್ತುವುದು ಸಾಧ್ಯವೇ ಇಲ್ಲ. ದಾರಿಯಲ್ಲೂ ಅಕ್ಟೋಬರಿನ ಹೊತ್ತಿಗೆ ಝರಿಗಳು ಇನ್ನೂ ಬತ್ತಿರುವುದಿಲ್ಲ. ಮಳೆಗಾಲದಲ್ಲಿ ಮಾತ್ರ ಹೊರಡುವ ಮುನ್ನ ಘಟ್ಟದ ಸ್ಥಿತಿಯನ್ನು ವಿಚಾರಿಸಲೇಬೇಕು. 2018ರ ಆಗಸ್ಟ್‌ನಲ್ಲಿ ಶಿರಾಡಿ, 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಭೂಕುಸಿತದಿಂದ ಮುಚ್ಚಿದ್ದನ್ನು ನಾವೆಲ್ಲ ಅನುಭವಿಸಿದ್ದೇವೆ.

ಹಾಸನ ಮತ್ತು ಸಕಲೇಶಪುರದವರು ಹಗಲು ರೈಲಿರುವ ದಿನ ನೋಡಿಕೊಂಡು ರೈಲಿನಲ್ಲಿ ಹೋಗುವುದನ್ನೂ ಯೋಚಿಸಬಹುದು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ನಿಲ್ದಾಣದವರೆಗಿನ ಸುಮಾರು 55 ಕಿ.ಮೀ. ಹಾದಿಯಲ್ಲಿ 57 ಸುರಂಗಗಳಿವೆ. ಮಕ್ಕಳು ಎಣಿಸುತ್ತ ಕುಳಿತರೆ ದಾರಿ ಸಾಗಿದ್ದೇ ತಿಳಿಯುವುದಿಲ್ಲ.

ಸರ್ಕಾರಿ ನೌಕರಳು, ಹಾಸನ

ಎಪ್ಪತ್ತೆಂಟು ವರ್ಷದ ಅಜ್ಜಿ ಎಂದು ಓದಿದಾಗ ನನ್ನ ತಾಯಿಯ ನೆನಪಾಯಿತು. ಮಂಡಿನೋವಿನಿಂದ ಅವರು ಹೆಚ್ಚು ನಡೆಯಲಾರರು. ಪ್ರವಾಸದಲ್ಲಿ ಹಿರಿಯರನ್ನು ಕಾರಿನಲ್ಲೇ ಕೂರಿಸಿ, ಬೇಗ ಬರುತ್ತೇವೆ ಎಂದು ಹೇಳಿ ಉಳಿದವರು ಇಳಿದುಹೋಗುವುದನ್ನು ಎಲ್ಲ ಕಡೆಯೂ ಕಾಣುತ್ತೇವೆ. ಹೋದ ವರ್ಷ ತಾಯಿಯನ್ನು ಕರೆದುಕೊಂಡು ಹೋಗುವ ಮುನ್ನ ನಾನು ಒಂದು ನಿರ್ಧಾರ ಮಾಡಿದ್ದೆ: ಅವರು ಇಳಿಯಲಾಗದ ಜಾಗಕ್ಕೆ ನಾವೂ ಹೋಗುವುದಿಲ್ಲ.

ಪಡುಬಿದ್ರಿಯ ಎಂಡ್ ಪಾಯಿಂಟ್ ತೀರಕ್ಕೆ ನೀಲಿ ಬಾವುಟದ (ಬ್ಲೂ ಫ್ಲ್ಯಾಗ್) ಮಾನ್ಯತೆಯಿದೆ; ಶುಚಿಯಾದ, ಸುರಕ್ಷಿತ ತೀರಗಳಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ ಅದು. 2020ರ ಅಕ್ಟೋಬರಿನಲ್ಲಿ ನಮ್ಮ ದೇಶದ ಎಂಟು ತೀರಗಳಿಗೆ ಮೊದಲ ಬಾರಿಗೆ ಆ ಮಾನ್ಯತೆ ದೊರೆತಾಗ ಕರ್ನಾಟಕದಿಂದ ಪಡುಬಿದ್ರಿ ಮತ್ತು ಹೊನ್ನಾವರದ ಬಳಿಯ ಕಾಸರಕೋಡು ಎರಡೂ ಪಟ್ಟಿಯಲ್ಲಿದ್ದವು. ನೀರಿನ ಗುಣಮಟ್ಟ, ಸುರಕ್ಷತೆ, ಪರಿಸರ ಶಿಕ್ಷಣ, ನಿರ್ವಹಣೆ ಎಂಬ ನಾಲ್ಕು ತಲೆಬರಹಗಳಡಿ 33 ಮಾನದಂಡಗಳನ್ನು ಪೂರೈಸಬೇಕು. ಈ ಅಂಕಿಗಳೆಲ್ಲ ನನ್ನ ತಾಯಿಗೆ ಬೇಕಿರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಶುಚಿಯಾದ ಶೌಚಾಲಯ, ಮರಳಿನಲ್ಲಿ ಹೂತುಹೋಗದ ಒಂದು ಕಾಲುದಾರಿ, ಕುಳಿತುಕೊಳ್ಳಲು ನೆರಳು. ಅಲ್ಲಿ ಆ ಮೂರೂ ಸಿಕ್ಕವು. ಒಂದು ಬದಿಗೆ ಹೊಳೆ, ಇನ್ನೊಂದು ಬದಿಗೆ ಕಡಲು, ನಡುವೆ ಅವರು ಒಂದೂವರೆ ಗಂಟೆ ಕುಳಿತಿದ್ದರು. ಬಿ.ಪಿ. ಮಾತ್ರೆಯ ಹೊತ್ತು ಮೀರಿದ್ದು ಅವರಿಗೂ ನೆನಪಾಗಲಿಲ್ಲ, ನನಗೂ ಆಗಲಿಲ್ಲ. ನಲವತ್ತು ವರ್ಷ ಅಡುಗೆಮನೆಯ ಕಿಟಕಿಯಿಂದ ಹಿತ್ತಿಲಿನ ಸೀಬೆಮರವನ್ನಷ್ಟೇ ನೋಡಿದವರು ಅಷ್ಟು ವಿಶಾಲವಾದ ಬಯಲನ್ನು ನೋಡುತ್ತ ಕುಳಿತದ್ದನ್ನು ಕಂಡು ನನಗೆ ಕಣ್ಣು ತುಂಬಿಬಂತು.

ಮಂಗಳೂರಿನಲ್ಲಿ ಹಿರಿಯರಿಗೆ ಕದ್ರಿ ಉದ್ಯಾನ ಹಿತವಾಗಿರುತ್ತದೆ. ದೊಡ್ಡ ಮರಗಳ ನೆರಳಿದೆ, ಕದ್ರಿ ಮಂಜುನಾಥನ ದೇವಸ್ಥಾನವೂ ಹತ್ತಿರದಲ್ಲೇ ಇದೆ. ತಣ್ಣೀರುಬಾವಿಯಲ್ಲಿ ಅರಣ್ಯ ಇಲಾಖೆಯವರು ಮಾಡಿರುವ ವೃಕ್ಷೋದ್ಯಾನವೂ ಚೆನ್ನಾಗಿದೆ; ಉದ್ಯಾನದ ನೆರಳಿನಲ್ಲಿ ಹಿರಿಯರು ಕುಳಿತಿರುವಾಗ ಉಳಿದವರು ಕಡಲಿಗೆ ಹೋಗಿಬರಬಹುದು. ಕಾಪುವಿನ ದೀಪಸ್ತಂಭವನ್ನು ಮಾತ್ರ ಅವರಿಗೆ ಕೆಳಗಿನಿಂದಲೇ ತೋರಿಸಿ. 1901ರಲ್ಲಿ ಕಟ್ಟಿದ ಆ ಗೋಪುರದ ಮೆಟ್ಟಿಲುಗಳನ್ನು ಹತ್ತುವುದು ಹರೆಯದವರಿಗೆ ಮಾತ್ರ ಸರಿ.

ಚರ್ಚೆ ಆರಂಭಿಸಿದ ಶಿಕ್ಷಕ

ಎಲ್ಲರಿಗೂ ಕೃತಜ್ಞತೆಗಳು. ಸಕಲೇಶಪುರದ ಮಿತ್ರರು ತಮ್ಮ ನೋವನ್ನು ಹಂಚಿಕೊಂಡದ್ದಕ್ಕೆ ವಿಶೇಷವಾಗಿ ಋಣಿಯಾಗಿದ್ದೇನೆ; ಆ ಬರಹವನ್ನು ನಮ್ಮ ಆರೂ ಮನೆಗಳಲ್ಲಿ ಓದಿಸಿದ್ದೇನೆ. ಹಿರಿಯರು ಇಳಿಯಲಾಗದ ಜಾಗಕ್ಕೆ ಹೋಗುವುದಿಲ್ಲವೆಂಬ ನಿಯಮವನ್ನು ನಾವೂ ಒಪ್ಪಿಕೊಂಡೆವು. ಈಗ ಒಂದು ತೊಡಕು ಉಳಿದಿದೆ. ಯುವಕರು ಮಲ್ಪೆಯ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಲೇಬೇಕೆನ್ನುತ್ತಾರೆ. ದೋಣಿ ಹತ್ತಿ ಇಳಿಯುವುದು ಅಜ್ಜಿಗೆ ಆಗದ ಮಾತು. ದ್ವೀಪಕ್ಕೆ ಹೋಗುವುದು ಅಷ್ಟು ಅಗತ್ಯವೇ?

ವಿಜ್ಞಾನ ಶಿಕ್ಷಕಿ, ಬೇಲೂರು

ಅಗತ್ಯವೇ ಎಂದು ಭೂಗೋಳ ಶಿಕ್ಷಕರೇ ಕೇಳಬಹುದೇ? ಆ ದ್ವೀಪದಲ್ಲಿ ನಿಂತಿರುವ ಕಲ್ಲಿನ ಕಂಬಗಳು ಸುಮಾರು 8.8 ಕೋಟಿ ವರ್ಷಗಳ ಹಿಂದಿನವು, ಅಂದರೆ ಭಾರತ ಮತ್ತು ಮಡಗಾಸ್ಕರ್ ಒಂದಕ್ಕೊಂದು ಅಂಟಿಕೊಂಡಿದ್ದು ಬೇರೆಯಾಗುತ್ತಿದ್ದ ಕಾಲದವು. ಭೂಮಿಯ ಬಿರುಕಿನಿಂದ ಹೊರಬಂದ ಲಾವಾ ತಣಿಯುತ್ತ ಕುಗ್ಗಿದಾಗ ಅದರಲ್ಲಿ ಬಿರುಕುಗಳು ಮೂಡುತ್ತವೆ. ಬೇಸಿಗೆಯಲ್ಲಿ ಕೆರೆಯಂಗಳದ ಕೆಸರು ಒಣಗಿ ಹಲವು ಮೂಲೆಗಳ ಬಿಲ್ಲೆಗಳಾಗಿ ಒಡೆಯುವುದನ್ನು ನಮ್ಮ ಮಕ್ಕಳೆಲ್ಲ ನೋಡಿದ್ದಾರೆ. ಅದೇ ಬಿರುಕು ಮೇಲಿನಿಂದ ಆಳಕ್ಕೆ ಇಳಿಯುತ್ತ ಹೋದರೆ ಬಿಲ್ಲೆಯ ಬದಲು ಕಂಬವಾಗುತ್ತದೆ. ಹೆಚ್ಚಿನ ಕಂಬಗಳಿಗೆ ಐದು, ಆರು ಅಥವಾ ಏಳು ಮುಖಗಳಿರುತ್ತವೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ.

ಚೆನ್ನಕೇಶವನ ಗುಡಿಯ ನೆರಳಿನಲ್ಲಿ ಬೆಳೆದ ನನಗೆ ಕಲ್ಲೆಂದರೆ ಉಳಿಗೆ ಮಣಿಯುವ ಬಳಪದ ಕಲ್ಲು. ಕಂಬವೆಂದರೆ ಶಿಲ್ಪಿ ತಿರುಗಿಸಿ, ಕಡೆದು, ನಯಗೊಳಿಸಿದ ಕಂಬ. ಯಾರ ಕೈಯೂ ಮುಟ್ಟದೆ, ಒಂದರ ಪಕ್ಕ ಒಂದು ಅಳತೆ ಹಿಡಿದಂತೆ ಎದ್ದುನಿಂತ ಆ ಕಂಬಗಳನ್ನು ಮೊದಲ ಸಲ ಕಂಡಾಗ ನಾನು ಬಹಳ ಹೊತ್ತು ಮಾತಾಡಲಿಲ್ಲ. ದಯವಿಟ್ಟು ದೊಡ್ಡ ಮಕ್ಕಳನ್ನು ಕರೆದೊಯ್ಯಿರಿ. ಗುಂಪನ್ನು ಒಂದು ಬೆಳಿಗ್ಗೆಯ ಮಟ್ಟಿಗೆ ಎರಡಾಗಿ ಒಡೆದರೆ ನಿಮ್ಮ ನಿಯಮ ಮುರಿಯುವುದಿಲ್ಲ. ಅಜ್ಜಿಯೊಡನೆ ಉಳಿಯುವವರು ಉಡುಪಿಯ ಕೃಷ್ಣಮಠಕ್ಕೆ ಹೋಗಿಬರಲಿ. ದೋಣಿ ಮಳೆಗಾಲದಲ್ಲಿ ನಿಂತಿರುತ್ತದೆ, ಅಕ್ಟೋಬರಿನಲ್ಲಿ ಹವಾಮಾನ ನೋಡಿ ಬಿಡುತ್ತಾರೆ. ದ್ವೀಪದಲ್ಲಿ ಹೆಚ್ಚಿನ ಕಡೆ ಮರಳಿಗಿಂತ ಚಿಪ್ಪು ಮತ್ತು ಬಂಡೆಗಳೇ ಇರುವುದರಿಂದ ಹಿಡಿತವಿರುವ ಚಪ್ಪಲಿ ಬೇಕು. ಚಿಪ್ಪುಗಳನ್ನು ಚೀಲದಲ್ಲಿ ತುಂಬಿಸಿಕೊಂಡು ಬರಬೇಡಿರೆಂದು ಮಕ್ಕಳಿಗೆ ಮೊದಲೇ ಹೇಳಿ. ಬರಿದಾದ ಚಿಪ್ಪಿನಲ್ಲಿ ಮುಂದೆ ಸನ್ಯಾಸಿ ಏಡಿ ಮನೆ ಮಾಡುತ್ತದೆ.

ಪದವಿ ವಿದ್ಯಾರ್ಥಿ, ಚಿಕ್ಕಮಗಳೂರು

ಹಿರಿಯರ ನಡುವೆ ಒಂದು ಮಾತನ್ನು ನೇರವಾಗಿ ಹೇಳಲು ಅನುಮತಿ ಕೋರುತ್ತೇನೆ. ಶನಿವಾರ, ಭಾನುವಾರ ಮುಳ್ಳಯ್ಯನಗಿರಿಯ ದಾರಿಯಲ್ಲಿ ಗಂಟೆಗಟ್ಟಲೆ ವಾಹನಗಳು ನಿಂತಿರುವುದನ್ನು, ಶೋಲಾ ಕಾಡಿನ ಅಂಚಿನಲ್ಲಿ ನೀರಿನ ಬಾಟಲಿಗಳು ಬಿದ್ದಿರುವುದನ್ನು, ಹುಲ್ಲುಗಾವಲಿನ ಮೇಲೆ ಜೀಪಿನ ಚಕ್ರದ ಗಾಯಗಳಾಗಿರುವುದನ್ನು ನೋಡಿ ನಾವು ಪ್ರತಿ ವಾರವೂ ನೊಂದುಕೊಳ್ಳುತ್ತೇವೆ. 1930 ಮೀಟರಿನ ಆ ಶಿಖರ ನಮಗೆ ದೇವರ ಗದ್ದುಗೆ, ಬರುವವರಿಗೆ ಫೋಟೊದ ಹಿನ್ನೆಲೆ ಎಂದು ದೂರುತ್ತೇವೆ. ಆದರೆ ನಾವು ಘಟ್ಟ ಇಳಿದಾಗ ಏನು ಮಾಡುತ್ತೇವೆ? ಕಳೆದ ಬಾರಿ ನಮ್ಮ ಕಾಲೇಜಿನ ಗೆಳೆಯರೊಡನೆ ಹೋಗಿದ್ದಾಗ ನಾವು ಊಟ ಮಾಡಿದ ತಟ್ಟೆಗಳನ್ನು ಗಾಳಿಮರದ ಬುಡದಲ್ಲಿ ಬಿಟ್ಟುಬಂದೆವು. ಮರುದಿನ ಅದು ಯಾರ ಕೈಯಲ್ಲಿ ಗುಡಿಸಲ್ಪಟ್ಟಿತು ಎಂದು ಯೋಚಿಸಿದರೆ ನಾಚಿಕೆಯಾಗುತ್ತದೆ. ಅಲ್ಲಿನವರ ಕಣ್ಣಿಗೆ ನಾವೇ ಆ ವಾರಾಂತ್ಯದ ಜೀಪುಗಳು.

ಮರಳಿನ ದಿಬ್ಬಗಳ ಮೇಲೆ ನೇರಳೆ ಹೂ ಬಿಡುವ, ಮೇಕೆಯ ಗೊರಸಿನಂತಹ ಎಲೆಗಳ ಬಳ್ಳಿಯೊಂದು ಹಬ್ಬಿರುತ್ತದೆ. ಮರಳನ್ನು ಹಿಡಿದಿಡುವುದೇ ಆ ಬಳ್ಳಿ. ವಾಹನವನ್ನು ಅದರ ಮೇಲೆ ಹತ್ತಿಸಿ ನೀರಿನ ಅಂಚಿನವರೆಗೆ ಒಯ್ಯುವುದು ನಮ್ಮ ಹುಲ್ಲುಗಾವಲನ್ನು ಸೀಳುವಷ್ಟೇ ತಪ್ಪು. ಉಳ್ಳಾಲದ ಕಡೆ ಕಡಲ್ಕೊರೆತಕ್ಕೆ ಮನೆಗಳನ್ನು ಕಳೆದುಕೊಂಡವರಿದ್ದಾರೆ. ಅವರ ಪಾಲಿಗೆ ಹಿಡಿ ಮರಳೂ ಬೆಲೆಯುಳ್ಳದ್ದು. ಆರು ಕುಟುಂಬಗಳ ಗುಂಪಾದರೂ ಸ್ಟೀಲ್ ತಟ್ಟೆ ಲೋಟಗಳನ್ನು ಮನೆಯಿಂದಲೇ ಒಯ್ಯಬಹುದು. ತೊಳೆಯುವ ಕೆಲಸ ನನ್ನಂತಹವರಿಗೆ ಒಪ್ಪಿಸಿ.

ಬ್ಯಾಂಕ್ ಉದ್ಯೋಗಿ, ಹಾಸನ

ವಿದ್ಯಾರ್ಥಿಯ ಮಾತಿಗೆ ನನ್ನ ಪೂರ್ಣ ಸಮ್ಮತಿಯಿದೆ. ಜೊತೆಗೆ ಒಂದು ಆಸೆಯನ್ನೂ ಹೇಳಿಬಿಡುತ್ತೇನೆ. ಪಿಲಿಕುಳದಿಂದ ಹಿಂದಿರುಗಿ ನಮ್ಮ ಹಾಸನದ ಮಹಾರಾಜ ಪಾರ್ಕಿನ ಬೆಂಚಿನ ಮೇಲೆ ಕುಳಿತಾಗಲೆಲ್ಲ, ಗೊರೂರಿನ ಹೇಮಾವತಿ ಹಿನ್ನೀರಿನ ಬಳಿ ನಮ್ಮ ಮಲೆನಾಡಿನ ಮರಗಳ, ಮೀನುಗಳ, ಹಕ್ಕಿಗಳ ಪರಿಚಯ ಮಾಡಿಕೊಡುವ ಒಂದು ಜಾಗವಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಅನ್ನಿಸುತ್ತದೆ. ಗೆಂಡೆಕಟ್ಟೆಯ ವನ ನಮಗಿದೆ, ಅಲ್ಲಿ ಮಕ್ಕಳು ಸಂತೋಷಪಡುತ್ತಾರೆ. ಆದರೆ ಮರದ ಹೆಸರನ್ನು ಕಲಿಯಲು ಹಾಸನದ ಮಗು ಘಟ್ಟ ಇಳಿದು 170 ಕಿ.ಮೀ. ಹೋಗಬೇಕಾಗಬಾರದು. ಇದು ಪ್ರತ್ಯೇಕ ಚರ್ಚೆಯ ವಿಷಯ, ಇಲ್ಲಿಗೆ ನಿಲ್ಲಿಸುತ್ತೇನೆ.

ಗೃಹಿಣಿ, ಮೂಡಿಗೆರೆ

ದೊಡ್ಡ ಮಕ್ಕಳಿದ್ದಾರೆಂದು ತಿಳಿದು ಇನ್ನೆರಡು ಜಾಗಗಳನ್ನು ಸೇರಿಸುತ್ತೇನೆ. ಮೊದಲನೆಯದು ಮೂಲ್ಕಿಯ ಬಳಿಯ ಸಸಿಹಿತ್ಲು. ಶಾಂಭವಿ ಮತ್ತು ನಂದಿನಿ ಹೊಳೆಗಳು ಅಲ್ಲಿ ಒಟ್ಟಾಗಿ ಕಡಲಿಗೆ ಸೇರುತ್ತವೆ. 2016ರಲ್ಲಿ ರಾಷ್ಟ್ರಮಟ್ಟದ ಸರ್ಫಿಂಗ್ ಸ್ಪರ್ಧೆ ನಡೆದದ್ದೂ ಅಲ್ಲಿಯೇ. ತರಬೇತುದಾರರಿಲ್ಲದೆ ಹಲಗೆ ಹಿಡಿದು ಇಳಿಯಬಾರದು. ಕಲಿಯುವ ಇಚ್ಛೆಯಿಲ್ಲದವರು ಹಿನ್ನೀರಿನಲ್ಲಿ ಕಯಾಕ್ ದೋಣಿಯಲ್ಲಿ ಸುತ್ತಬಹುದು. ದಡದ ಕಾಂಡ್ಲಾ ಗಿಡಗಳ ಬೇರುಗಳು ಕೆಸರಿನಿಂದ ಮೇಲೆದ್ದು ಉಸಿರಾಡುವುದನ್ನು ಅಷ್ಟು ಹತ್ತಿರದಿಂದ ತೋರಿಸಲು ಬೇರೆ ಉಪಾಯವಿಲ್ಲ. ಏಡಿಗೂ ಸಿಗಡಿಗೂ ಮೀನಿನ ಮರಿಗಳಿಗೂ ಆ ಬೇರುಗಳೇ ತೊಟ್ಟಿಲು. ಚಳಿಗಾಲದಲ್ಲಿ ನಮ್ಮ ಕರಾವಳಿಯ ಮರಳಿಗೆ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಆದ್ದರಿಂದ ಆ ತಿಂಗಳುಗಳಲ್ಲಿ ರಾತ್ರಿ ತೀರದಲ್ಲಿ ದೀಪ ಉರಿಸುವುದೂ ಬೆಂಕಿ ಹಾಕುವುದೂ ಬೇಡ.

ಎರಡನೆಯದು ಕೋಡಿ ಬೆಂಗ್ರೆ. ಆಗುಂಬೆಯ ಕಡೆಯಿಂದ ಬರುವ ಸೀತಾನದಿಯೂ ಕುದುರೆಮುಖದ ತಪ್ಪಲಿನಿಂದ ಬರುವ ಸ್ವರ್ಣೆಯೂ ಅಲ್ಲಿ ಕೂಡಿಕೊಂಡು ಕಡಲು ಸೇರುತ್ತವೆ. ಕೂಡುವ ಜಾಗವನ್ನು ನೋಡಿ ಸಾಕು, ನೀರಿಗೆ ಇಳಿಯಬೇಡಿ. ಶಿಕ್ಷಕರ ನದಿಪಾಠಕ್ಕೆ ನೇತ್ರಾವತಿಯ ಅಳಿವೆಗಿಂತ ಇದು ಕಣ್ಣಿಗೆ ಸುಲಭವಾಗಿ ಕಾಣುತ್ತದೆ, ಏಕೆಂದರೆ ಮಂಗಳೂರಿನ ಅಳಿವೆಯಲ್ಲಿ ಬಂದರಿನ ದೋಣಿಗಳ ಸಂದಣಿಯಿರುತ್ತದೆ.

ಚರ್ಚೆ ಆರಂಭಿಸಿದ ಶಿಕ್ಷಕ

ನಮ್ಮ ಯೋಜನೆ ಈಗ ಒಂದು ರೂಪಕ್ಕೆ ಬಂದಿದೆ. ಮೊದಲ ದಿನ ಬೆಳಿಗ್ಗೆ ಆರಕ್ಕೆ ಹೊರಟು, ಧರ್ಮಸ್ಥಳ ಮತ್ತು ಬಂಟ್ವಾಳದಲ್ಲಿ ನೇತ್ರಾವತಿಯನ್ನು ನೋಡಿ, ಮಧ್ಯಾಹ್ನ ಪಿಲಿಕುಳಕ್ಕೆ ಹೋಗುತ್ತೇವೆ. ಸಂಜೆ ನಾಲ್ಕರ ಮೇಲೆ ಬೋಳೂರಿನ ಸುಲ್ತಾನ್ ಬತ್ತೇರಿಗೆ. 1784ರಲ್ಲಿ ಟಿಪ್ಪು ಕಟ್ಟಿಸಿದ ಆ ಕಪ್ಪು ಕಲ್ಲಿನ ಕಾವಲುಗೋಪುರವನ್ನು ನೋಡಿ, ಅಲ್ಲಿಂದ ಫಲ್ಗುಣಿ ನದಿಯನ್ನು ದೋಣಿಯಲ್ಲಿ ದಾಟಿ ತಣ್ಣೀರುಬಾವಿಯನ್ನು ಸೇರುವುದು. ಅಜ್ಜಿಯನ್ನು ರಸ್ತೆಯ ಮೂಲಕ ಕಾರಿನಲ್ಲಿ ನೇರವಾಗಿ ವೃಕ್ಷೋದ್ಯಾನಕ್ಕೆ ಕರೆತರಲು ನನ್ನ ಅಳಿಯ ಒಪ್ಪಿಕೊಂಡಿದ್ದಾನೆ. ಎರಡನೆಯ ದಿನ ಬೆಳಿಗ್ಗೆ ಯುವಕರು ದ್ವೀಪಕ್ಕೆ, ಹಿರಿಯರು ಕೃಷ್ಣಮಠಕ್ಕೆ. ಅನಂತರ ಕೋಡಿ ಬೆಂಗ್ರೆ. ಹಿಂದಿರುಗುವಾಗ ಪಡುಬಿದ್ರಿಯಲ್ಲಿ ಎಲ್ಲರೂ ಒಟ್ಟಿಗೆ ಎರಡು ಗಂಟೆ. ಪಣಂಬೂರನ್ನು ಈ ಬಾರಿ ಕೈಬಿಟ್ಟಿದ್ದೇವೆ. ತಟ್ಟೆ ಲೋಟಗಳನ್ನು ಪಟ್ಟಿಯಲ್ಲಿ ಸೇರಿಸಿದ್ದೇನೆ, ಮತ್ತು ತೊಳೆಯುವ ಮಾತನ್ನು ಆಡಿದ ವಿದ್ಯಾರ್ಥಿ ನಮ್ಮ ಬೀದಿಯವನೇ ಎಂದು ತಿಳಿದು ಸಂತೋಷವಾಯಿತು.

ಕೊನೆಯದಾಗಿ ಮೂಡಿಗೆರೆಯ ಸಹೋದರಿಗೆ ಒಂದು ಪ್ರಶ್ನೆ: ಪಡುಬಿದ್ರಿಯಲ್ಲಿ ಚಿಕ್ಕ ಮಕ್ಕಳು ನೀರಿನ ಅಂಚಿನಲ್ಲಿ ಆಡಲು ಯಾವ ಹೊತ್ತು ಒಳ್ಳೆಯದು?

ಗೃಹಿಣಿ, ಮೂಡಿಗೆರೆ

ಹೊತ್ತನ್ನು ಈಗಲೇ ಹೇಳಲಾಗದು, ಏಕೆಂದರೆ ಉಬ್ಬರ ಮತ್ತು ಇಳಿತದ ವೇಳೆ ದಿನಕ್ಕೆ ಸುಮಾರು 50 ನಿಮಿಷದಂತೆ ಮುಂದಕ್ಕೆ ಹೋಗುತ್ತದೆ. ಹೊರಡುವ ಹಿಂದಿನ ದಿನ ಆ ವಾರದ ಉಬ್ಬರದ ಪಟ್ಟಿಯನ್ನು ನೋಡಿಕೊಳ್ಳಿ. ಅಮಾವಾಸ್ಯೆ ಅಥವಾ ಹುಣ್ಣಿಮೆಯ ಆಸುಪಾಸಾದರೆ ನೀರು ಹೆಚ್ಚು ಏರುತ್ತದೆ, ಹೆಚ್ಚು ಇಳಿಯುತ್ತದೆ, ಎಳೆತವೂ ಜೋರಾಗಿರುತ್ತದೆ. ಅಷ್ಟಮಿಯ ಹತ್ತಿರದ ದಿನಗಳು ಸೌಮ್ಯವಾಗಿರುತ್ತವೆ. ತೀರಕ್ಕೆ ಹೋದ ಮೇಲೆ ಮೊದಲು ಅಲ್ಲಿನ ಜೀವರಕ್ಷಕರನ್ನು ಮಾತಾಡಿಸಿ, ಇವತ್ತು ಎಲ್ಲಿ ಇಳಿಯಬಹುದು ಎಂದು ಕೇಳಿ. ಅವರು ಬೇಡವೆಂದರೆ ಮಕ್ಕಳು ಒದ್ದೆ ಮರಳಿನಲ್ಲಿ ಮನೆ ಕಟ್ಟಲಿ, ಏಡಿಗಳು ಬಿಲದಿಂದ ಹೊರಗೆ ತಂದಿಡುವ ಮರಳಿನ ಗುಂಡುಗಳನ್ನು ನೋಡಲಿ. ಆರು ವರ್ಷದ ಮಗುವಿಗೆ ಒಂದು ಸಂಜೆಗೆ ಅಷ್ಟು ಸಾಕಾಗುತ್ತದೆ.